ಆಂಡಾಳಮ್ಮ ಸಹಿ ಹಾಕಲಿಲ್ಲ

ನೆನೆಸಿದ ಅವರೆಕಾಳನ್ನು ಎರಡು ಬೆರಳ ನಡುವೆ ಹಿಡಿದು ಆಂಡಾಳಮ್ಮ ಒತ್ತಿದರು. ಸಿಪ್ಪೆ ಕೈಯಲ್ಲಿ ಉಳಿಯಿತು. ಕಾಳು ಹಾರಿ, ಬಾಗಿಲಲ್ಲಿ ನಿಂತಿದ್ದ ಪೊಲೀಸ್ ಪೇದೆ ಮೂರ್ತಿಯ ಎದೆಗೆ ಬಡಿಯಿತು.

"ಒಳ್ಳೇ ಸ್ವಾಗತ ಅಮ್ಮ," ಎಂದ ಮೂರ್ತಿ.

"ಬಾಗಿಲು ತಟ್ಟಿದ್ರೆ ಕಾಫಿ ಸಿಗ್ತಿತ್ತು. ಈಗ್ಲೂ ಸಿಗತ್ತೆ, ಕೂತ್ಕೊಳ್ಳಿ."

ಅವನ ಬೆನ್ನ ಹಿಂದೆ ಬದರೀನಾರಾಯಣ. ಚಾಮರಾಜಪೇಟೆಯ ಆ ಅಡ್ಡರಸ್ತೆಯ ನಿವಾಸಿಗಳ ಸಂಘಕ್ಕೆ ಅವನು ಕಾರ್ಯದರ್ಶಿ. ಪೊಲೀಸರನ್ನು ಕರೆಸಿದ್ದು ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ, ಅವನ ಮುಖವೇ ಹೇಳುತ್ತಿತ್ತು.

ಮೊರದ ಆಚೆ ಬದಿಯಲ್ಲಿ ಕುಳಿತು ಬಿಂದುವೂ ಅವರೆ ಹಿತುಕುತ್ತಿದ್ದಳು. ಮಣಿಪುರದ ಹುಡುಗಿ. ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಮೂರು ವರ್ಷದಿಂದ ಆಂಡಾಳಮ್ಮನ ಮಹಡಿಯ ಮೇಲೆ ಬಾಡಿಗೆಗಿದ್ದಳು.

"ಒಂದು ದೂರು ಬಂದಿದೆ ಅಮ್ಮ. ಈ ಮನೇಲಿ ಪರದೇಶದವರೊಬ್ರು ಸರಿಯಾದ ಪೇಪರ್ ಇಲ್ದೆ ಇದಾರೆ ಅಂತ."

ಆಂಡಾಳಮ್ಮನ ಬೆರಳು ನಿಂತವು. ಬಿಂದುವಿನವು ನಿಲ್ಲಲಿಲ್ಲ.

"ನೋಡಿದ್ರೇ ಗೊತ್ತಾಗಲ್ವಾ?" ಎಂದ ಬದರಿ. "ನೇಪಾಳನೋ, ಬರ್ಮಾನೋ."

"ಬರ್ಮಾಗೆ ಈಗ ಮ್ಯಾನ್ಮಾರ್ ಅಂತಾರೆ ಅಂಕಲ್," ಎಂದಳು ಬಿಂದು. "ನಮ್ಮೂರು ಅದಕ್ಕಿಂತ ಈಚೆಗಿದೆ."

"ಕೇಳಿದ್ರಾ ಮೂರ್ತಿ? ಪಕ್ಕದ್ದೇ ಅಂತೆ! ಹೆಸರು ಬದಲಾಯಿಸ್ಕೊಳ್ಳೋ ದೇಶಾನ ನಂಬೋಕಾಗಲ್ಲ."

"ಹೌದೇನೋ ಬದರಿ?" ಆಂಡಾಳಮ್ಮ ನಕ್ಕರು. "ನಾನು ಮದುವೆಯಾಗಿ ಬಂದಾಗ ಈ ರಾಜ್ಯಕ್ಕೆ ಮೈಸೂರು ಅಂತಿದ್ರು. ನೀನಿನ್ನೂ ತೊಟ್ಟಿಲಲ್ಲಿದ್ದೆ. ಆಮೇಲೆ ಕರ್ನಾಟಕ ಆಯ್ತು. ಹೆಸರು ಹೋದ್ರೆ ಅಲ್ಲಿ ಹುಟ್ಟಿದವರೂ ಹೋಗ್ಬಿಡ್ತಾರಾ?"

ಆ ಬೀದಿಯಲ್ಲಿ ಆಂಡಾಳಮ್ಮನಿಗೆ ಎದುರಾಡುವವರು ಕಡಿಮೆ. ರಾಜ್ಯೋತ್ಸವದ ಬಾವುಟಕ್ಕೆ ಇಸ್ತ್ರಿ ಹಾಕಿಕೊಡುವವರು ಅವರು. ಚುನಾವಣೆ ಬಂದರೆ ಮನೆಮನೆಯ ಬಾಗಿಲು ಬಡಿದು ಜನರನ್ನು ಮತಗಟ್ಟೆಗೆ ಅಟ್ಟುವವರೂ ಅವರೇ. ತಮಗೆ ಮಾತ್ರ ಆ ದಿನ ತಪ್ಪದೆ ಮಂಡಿನೋವು. ತವರು ಎಲ್ಲಿ ಎಂದು ಯಾರಾದರೂ ಕೇಳಿದರೆ ದಕ್ಷಿಣದ ಕಡೆ ಎನ್ನುವರು. ಶ್ರೀರಂಗವೇ ಎಂದರೆ, ಇನ್ನೂ ಸ್ವಲ್ಪ ಕೆಳಗೆ ಎನ್ನುವರು. ಹಾಗಾದರೆ ತಿರುನೆಲ್ವೇಲಿ ಇರಬೇಕು ಎಂದು ಬೀದಿಯವರೇ ತೀರ್ಮಾನ ಮಾಡಿಕೊಂಡಿದ್ದರು. ಮನೆಗೆ ಬಂದ ಸೊಸೆಯ ಗೋತ್ರ ಕೇಳುವ ನಮ್ಮ ಜನ ಭೂಪಟ ತರಿಸಿ ನೋಡುವುದಿಲ್ಲ.

ಬಿಂದು ಆಧಾರ್ ಕಾರ್ಡ್ ತಂದು ತೋರಿಸಿದಳು. ಮೂರ್ತಿ ಫೋನಿನಲ್ಲಿ ಮಣಿಪುರವನ್ನು ಹುಡುಕಿ, ಅದು ಭಾರತದ ಒಳಗೇ ಇರುವುದನ್ನು ಬದರಿಗೂ ತೋರಿಸಿದ.

"ಕಾರ್ಡು ಯಾರು ಬೇಕಾದ್ರೂ ಮಾಡಿಸ್ಕೋತಾರೆ," ಎಂದ ಬದರಿ.

ಮೂರ್ತಿಗೆ ಊಟಕ್ಕೆ ಹೊತ್ತಾಗುತ್ತಿತ್ತು. ಒಂದು ಹಾಳೆಯ ಮೇಲೆ ಸರಸರನೆ ಬರೆದು ಆಂಡಾಳಮ್ಮನ ಮುಂದೆ ಹಿಡಿದ. "ಈ ಮನೆಯಲ್ಲಿ ಪರದೇಶದ ಪ್ರಜೆಗಳು ಯಾರೂ ವಾಸವಿಲ್ಲ, ಅಷ್ಟೇ. ಮನೆ ಯಜಮಾನರು ನೀವು. ಒಂದು ಸೈನ್ ಹಾಕಿ, ಮುಗಿಸ್ಬಿಡೋಣ."

ಬಿಂದು ತಾನೇ ಪೆನ್ನಿನ ಮುಚ್ಚಳ ತೆಗೆದುಕೊಟ್ಟಳು.

ಆಂಡಾಳಮ್ಮ ಸೆರಗಿಗೆ ಕೈ ಒರೆಸಿಕೊಂಡರು. ನಿಧಾನವಾಗಿ ಓದಿದರು. ಪೆನ್ನಿಗೆ ಮುಚ್ಚಳ ಹಾಕಿ ವಾಪಸು ಕೊಟ್ಟರು.

"ಇದಕ್ಕೆ ನಾನು ಸೈನ್ ಹಾಕಲ್ಲ."

"ಅಜ್ಜೀ?" ಎಂದಳು ಬಿಂದು.

"ಈ ವಯಸ್ಸಲ್ಲಿ ಸುಳ್ಳು ಬರೆಸ್ಬೇಡಿ ನನ್ ಕೈಲಿ."

"ನಾನು ಹೇಳ್ಲಿಲ್ವಾ!" ಬದರಿ ಮುಂದೆ ನುಗ್ಗಿದ. "ಇನ್ನೇನು, ಇವತ್ತೇ ಮನೆ ಖಾಲಿ ಮಾಡ್ಲಿ."

"ನಾಳೆವರೆಗೂ ತಡೀರಿ ಮೂರ್ತಿ. ಇರೋದನ್ನ ಇದ್ದ ಹಾಗೆ ನಾನೇ ಬರ್ಕೊಡ್ತೀನಿ."

ಇಬ್ಬರೂ ಹೋದರು. ಬಿಂದು ಮಹಡಿಗೆ ಓಡಿದವಳು ಬ್ಯಾಗ್ ಹೊತ್ತುಕೊಂಡೇ ಇಳಿದುಬಂದಳು.

"ಮೂರು ವರ್ಷ ನಿಮ್ಮ ಮಂಡಿಗೆ ಎಣ್ಣೆ ತಿಕ್ಕಿದೀನಿ ಅಜ್ಜಿ. ಅದು ನನ್ನ ಮಂಡಿಗಿಂತ ಗಟ್ಟಿಯಾಗಿದೆ ಅಂತ ಗೊತ್ತಿದ್ರೂ ತಿಕ್ಕಿದೀನಿ. ನಿಮಗೂ ನನ್ಮೇಲೆ ನಂಬಿಕೆ ಇಲ್ಲ ಅಲ್ವಾ?"

"ನಿನ್ನ ಮೇಲಿದೆ ಕಣೇ. ಧೈರ್ಯ ಇರ್ಲಿಲ್ಲ ಅಷ್ಟೆ." ಆಂಡಾಳಮ್ಮ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಬರೆಯುತ್ತಿದ್ದರು. "ನಮ್ಮೆಜಮಾನ್ರು ಇದ್ದಾಗ್ಲೇ ಕಳಿಸ್ಬೇಕಿತ್ತು ಇದನ್ನ. ಆಮೇಲೆ, ಆಮೇಲೆ ಅಂತ ಅವರು ತಳ್ಳಿದ್ರು. ಅವರು ಹೋದ್ಮೇಲೆ ಹೆದರ್ಕೊಂಡು ನಾನು ತಳ್ಳಿದೆ."

ಇಷ್ಟು ದಿನವೂ ನನ್ನನ್ನು ಕಂಡು ಹೆದರುತ್ತಿದ್ದರೇ ಎಂದುಕೊಂಡ ಬಿಂದು ಬ್ಯಾಗಿನ ಪಟ್ಟಿ ಬಿಗಿ ಮಾಡಿಕೊಂಡಳು.

"ನಡಿ, ಅಂಚೆ ಕಚೇರಿಗೆ ಹೋಗೋಣ. ನೀನು ಜೊತೇಲಿರ್ಬೇಕು. ಇಲ್ದಿದ್ರೆ ಅರ್ಧ ದಾರಿಯಿಂದ ವಾಪಸ್ ಬಂದ್ಬಿಡ್ತೀನಿ ನಾನು."

ಹಠಕ್ಕೆ ಬಿದ್ದು ಬಿಂದುವೂ ಬ್ಯಾಗ್ ಸಮೇತ ಹೊರಟಳು. ನನ್ನ ಮೇಲಿನ ದೂರನ್ನು ನನ್ನ ಕಣ್ಣೆದುರೇ ಕಳಿಸಲಿ, ನೋಡೋಣ. ದಾರಿಯುದ್ದಕ್ಕೂ ಆಂಡಾಳಮ್ಮ ಅವಳ ತೋಳು ಬಿಡಲಿಲ್ಲ. ಬದರಿ ತನ್ನ ಮನೆಯ ಗೇಟಿನಿಂದಲೇ ಅವಳ ಬ್ಯಾಗ್ ಕಂಡು ತೃಪ್ತಿಯಿಂದ ತಲೆಯಾಡಿಸಿದ.

ಅಂಚೆ ಕಚೇರಿಯ ಗುಮಾಸ್ತ ದಪ್ಪ ಲಕೋಟೆಯನ್ನು ತೂಗಿ, ವಿಳಾಸ ಓದಿದ. ಜಿಲ್ಲಾಧಿಕಾರಿಗಳ ಕಚೇರಿ, ಪೌರತ್ವ ವಿಭಾಗ. ಕನ್ನಡಕದ ಮೇಲಿಂದ ಬಿಂದುವಿನ ಮುಖ ನೋಡಿದ, ಅವಳ ಹೆಗಲ ಬ್ಯಾಗ್ ನೋಡಿದ.

"ಯಾವ ದೇಶಮ್ಮ ನಿಂದು?"

"ಅವಳನ್ನಲ್ಲಪ್ಪ, ನನ್ನನ್ನ ಕೇಳು," ಎನ್ನುತ್ತ ಆಂಡಾಳಮ್ಮ ಕಿಟಕಿಯೊಳಗೆ ಹಣ ತಳ್ಳಿದರು. "ಕೊಲಂಬೊದಲ್ಲಿ ಹುಟ್ಟಿದವಳು ನಾನು. ಪಾಸ್‌ಪೋರ್ಟಲ್ಲಿ ಇನ್ನೂ ಸಿಲೋನ್ ಅಂತಿದೆ, ಬೇಗ ಕಳಿಸ್ಬಿಡು."