ನಾಲ್ಕನೆಯ ಟೇಕ್

ಮೂರನೆಯ ಸಲವೂ ಮುದುಕ ಹಾಡಿನ ನಡುವೆ ಸ್ಯಾಕ್ಸೊಫೋನನ್ನು ಬಾಯಿಂದ ತೆಗೆದು, ಯಾರೂ ಕೂತಿರದ ಪಿಯಾನೋ ಕಡೆ ತಲೆಯಾಡಿಸಿ ಸುಮ್ಮನೆ ನಿಂತ. ಅಲ್ಲಿಂದ ಮುಂದೆ ತಾಳದ ಎಂಟು ಎಣಿಕೆ ನಲವತ್ತು ವರ್ಷ ಪಿಯಾನೋ ನುಡಿಸುತ್ತಿದ್ದ ಅವನ ಹೆಂಡತಿಯ ಪಾಲಿನದಾಗಿತ್ತು. ಅವಳು ತೀರಿಕೊಂಡ ಮೇಲೆ ಅವನು ಮಾಡುತ್ತಿರುವ ಮೊದಲ ಆಲ್ಬಮ್ ಇದು.

"ಸಾರ್, ಮತ್ತೆ ಗ್ಯಾಪ್ ಬಿಟ್ರಿ," ಎಂದು ಗಾಜಿನಾಚೆಯಿಂದ ರೆಕಾರ್ಡಿಸ್ಟ್ ಗೊಣಗಿದ.

"ನಿಲ್ಲಿಸದೆ ನುಡಿಸಪ್ಪಾ. ಅಮ್ಮ ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ಲು," ಎಂದಳು ರೆಕಾರ್ಡಿಸ್ಟ್ ಪಕ್ಕ ಕೂತಿದ್ದ ಮಗಳು.

"ಅವಳ ಸರದಿಗೆ ಬಾಯಿ ಹಾಕಿದ್ರೂ ಹಿಂಡ್ತಿದ್ಲು ಕಣೆ."

ನಾಲ್ಕನೆಯ ಸಲ ಅವನು ನಿಲ್ಲಲಿಲ್ಲ. ಆ ಎಂಟು ಎಣಿಕೆಯನ್ನೂ ತಾನೇ ತುಂಬಿ, ಎಲ್ಲೂ ತಪ್ಪದೆ ಮುಗಿಸಿದ. ರೆಕಾರ್ಡಿಸ್ಟ್ ಎದ್ದು ಚಪ್ಪಾಳೆ ತಟ್ಟಿದ. ಮುದುಕ ಮಗಳ ಮುಖ ನೋಡದೆ ಮೈಕಿನತ್ತ ಬಾಗಿದ.

"ಇದನ್ನ ಅಳಿಸಿಬಿಡಪ್ಪ. ಇದ್ರಲ್ಲಿ ನಾನೊಬ್ಬನೇ ಇದೀನಿ."