ಮಾಲೆ ಹಾಕುವ ಫೋಟೋ

ಮಹಾದೇವಿಯ ಮೊಬೈಲ್ ರಿಪೇರಿ ಅಂಗಡಿಗೆ ಮುದುಕಿಯೊಬ್ಬಳು ಅಳಿಯನ ಜೊತೆ ಬಂದಳು. ಮೆಟ್ಟಿಲಿನಿಂದ ಜಾರಿ ಬಿದ್ದು ತೀರಿಕೊಂಡ ಮಗಳ ಫೋನನ್ನು ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಅದರ ಪರದೆ ಒಡೆದು ಕಪ್ಪಾಗಿತ್ತು.

"ಮಾಲಿ ಹಾಕಾಕ ಮನ್ಯಾಗ ಒಂದ ಚೊಲೋ ಫೋಟೋ ಇಲ್ಲ ನನ್ನವ್ವ. ಹೆಂಗಾರ ಮಾಡಿ ತಗದ ಕೊಡು."

ಮಹಾದೇವಿ ಫೋನನ್ನು ಕಂಪ್ಯೂಟರಿಗೆ ಜೋಡಿಸಿದಳು. ಏನೂ ಕಾಣಲಿಲ್ಲ. ಕೇಬಲ್ ಬದಲಿಸಿದಳು, ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದಳು. ಆಗಲೂ ಇಲ್ಲ.

"ಬಿಡ್ರಿ ಅತ್ತಿ," ಎಂದ ಅಳಿಯ, ಮುದುಕಿಯ ಬೆನ್ನು ಸವರುತ್ತ. "ಅದು ಕೆಟ್ಟ ಹೋಗೇತಿ. ಎಷ್ಟಂತ ಜೀವಾ ತೇಯ್ತೀರಿ?"

ಮುದುಕಿಯ ತುಟಿ ನಡುಗಿತು. ಅದನ್ನು ನೋಡಲಾರದೆ ಮಹಾದೇವಿ ತಲೆ ತಗ್ಗಿಸಿದಳು. ಫೋನಿನ ಚಾರ್ಜಿಂಗ್ ತೂತಿನೊಳಗೆ ಕಟ್ಟಿಕೊಂಡಿದ್ದ ಧೂಳನ್ನು ಸೂಜಿಯಿಂದ ಕೆದರಿ ತೆಗೆದು, ಕೇಬಲನ್ನು ಮತ್ತೊಮ್ಮೆ ಸಿಕ್ಕಿಸಿದಳು.

ಫೋಟೋಗಳು ಸಾಲಾಗಿ ತೆರೆದುಕೊಂಡವು. ಮೊದಲಿನದರಲ್ಲಿ ಮಗಳು ನಗುತ್ತಿದ್ದಳು. ಮುಂದಿನದರಲ್ಲಿ ಅವಳ ಕೆನ್ನೆ ಬಾತುಕೊಂಡಿತ್ತು. ಅದರ ಮುಂದಿನದರಲ್ಲಿ ಕನ್ನಡಿಯೆದುರು ನಿಂತು ತನ್ನ ಕುತ್ತಿಗೆ ತೋರಿಸಿದ್ದಳು. ಅದರ ಸುತ್ತ ಬೆರಳುಗಳ ಗುರುತು ನೀಲಿಗಟ್ಟಿತ್ತು.

"ಬಂತೇನ್ರಿ?" ಅಳಿಯ ಬಗ್ಗಿ ನೋಡಲು ಬಂದ.

ಮಹಾದೇವಿ ಕಂಪ್ಯೂಟರಿನ ಪರದೆಯನ್ನು ತನ್ನತ್ತ ಇನ್ನಷ್ಟು ತಿರುಗಿಸಿಕೊಂಡಳು.

"ಇಲ್ರಿ ಅಣ್ಣಾರ, ಇನ್ನೂ ಕನೆಕ್ಟ್ ಆಗವಲ್ದು. ಬಸ್‌ಸ್ಟ್ಯಾಂಡ್ ಎದುರಿನ ಅಂಗಡ್ಯಾಗ ಒಂದ ಹೊಸಾ ಕೇಬಲ್ ತಗೊಂಡ ಬರ್ರಿ. ಅವ್ವಾರು ಇಲ್ಲೇ ಕುಂತಿರ್ಲಿ."