ತೆಗೆದರೆ ಓಡದ ಸಾಲು

ಪರೀಕ್ಷಕರು ಆ ಒಂದು ಸಾಲನ್ನು ಅಳಿಸಿದರು; ಪ್ರೋಗ್ರಾಮ್ ಅರ್ಧಕ್ಕೇ ಕೆಟ್ಟು ನಿಂತಿತು. ಮತ್ತೆ ಬರೆದರು; ಅದು ಕೊಟ್ಟ ಹೆಸರುಗಳನ್ನೆಲ್ಲ ಅಕ್ಷರದ ಕ್ರಮದಲ್ಲಿ ಜೋಡಿಸಿ ಕಂಪ್ಯೂಟರಿನ ಪರದೆಯ ಮೇಲೆ ಅಚ್ಚುಕಟ್ಟಾಗಿ ಇಟ್ಟಿತು. ಆ ಸಾಲು ಮಾಡುತ್ತಿದ್ದುದಾದರೂ ಏನು? ಪರದೆಯಲ್ಲಿ ನಡುವೆ ಒಂದಿಷ್ಟು ಖಾಲಿ ಜಾಗ ಬಿಡುವುದು, ಅಷ್ಟೆ. ಹೆಸರು ಜೋಡಿಸುವುದಕ್ಕೂ ಅದಕ್ಕೂ ಯಾವ ನಂಟೂ ಕಾಣದು.

“ಇದನ್ನ ಯಾಕೆ ಹಾಕಿದ್ದೀರಮ್ಮ?” ಎಂದರು.

“ತಪ್ಪು ಎಲ್ಲಿದೆ ಅಂತ ಹುಡುಕೋಕೆ ಹಾಕ್ದೆ ಸರ್. ಹಾಕಿದ್ಮೇಲೆ ತಪ್ಪೇ ಸಿಗ್ಲಿಲ್ಲ.”

ಪಕ್ಕದ ಕುರ್ಚಿಯಲ್ಲಿದ್ದ ಲೆಕ್ಚರರ್ ಹಾಜರಿ ಪಟ್ಟಿಯತ್ತ ಕಣ್ಣು ತಗ್ಗಿಸಿದ. ಎದುರಿಗೆ ಕೂತ ವಿದ್ಯಾರ್ಥಿನಿ ಅವನ ಒಡಹುಟ್ಟಿದ ಅಕ್ಕ. ಮದುವೆ, ಮಕ್ಕಳು ಎಂದು ಬಿಟ್ಟುಹೋಗಿದ್ದ ಓದನ್ನು, ಮಗಳು ಹೈಸ್ಕೂಲು ಸೇರಿದ ಮೇಲೆ ಮತ್ತೆ ಹಿಡಿದವಳು; ಓದಿದರೆ ಕಂಪ್ಯೂಟರ್ ಸೈನ್ಸೇ ಎಂದು ಹಟ ಹಿಡಿದವಳು. ಮನೆಯಲ್ಲಿ “ಲೋ” ಎನ್ನುವವಳು ಕಾಲೇಜಿನ ಗೇಟು ದಾಟಿದೊಡನೆ “ಸರ್” ಎನ್ನುತ್ತಿದ್ದಳು. ಊಟದ ಡಬ್ಬಿ ಮರೆತು ಬಂದಿದ್ದೀರಿ ಸರ್ ಎಂದು ಒಮ್ಮೆ ಕ್ಲಾಸಿನ ಬಾಗಿಲಲ್ಲೇ ನಿಂತು ಹೇಳಿ ಹುಡುಗರನ್ನೆಲ್ಲ ನಗಿಸಿದ್ದಳು. ಅಕ್ಕನ ಪರೀಕ್ಷೆಗೆ ತಾನು ಕೂರುವುದಿಲ್ಲ ಎಂದು ಅವನು ವಿಭಾಗದ ಮುಖ್ಯಸ್ಥರಿಗೆ ಹೇಳಿ ನೋಡಿದ್ದ. ಅಂಕ ಹಾಕುವವರು ಹೊರಗಿನಿಂದ ಬರುವ ಪರೀಕ್ಷಕರು, ನೀವು ಬಾಯಿಗೆ ಬೀಗ ಹಾಕಿಕೊಂಡು ಕೂತರಾಯಿತು ಎಂದು ಅವರು ಸಾಗಹಾಕಿದ್ದರು.

ಆ ಬೀಗವನ್ನು ಪರೀಕ್ಷಕರೇ ತೆಗೆದರು. “ಪಾಠ ಮಾಡಿದವರು ನೀವಲ್ವಾ? ನೀವೇ ಹೇಳಿ, ಯಾಕೆ ಹೀಗಾಗ್ತಿದೆ?”

ಅವನು ಪರದೆಯತ್ತ ಬಾಗಿ ಮೇಲಿನಿಂದ ಕೆಳಗೆ ಓದಿದ. ಎಲ್ಲ ತಾನು ಕಲಿಸಿದ್ದೇ. ಎಲ್ಲ ಸರಿಯಾಗಿಯೇ ಇತ್ತು. ಅದಕ್ಕೇ ತಲೆಬುಡ ತಿಳಿಯಲಿಲ್ಲ. ಕಂಪ್ಯೂಟರ್ ನಾವು ಹೇಳಿದ್ದನ್ನು ಮಾತ್ರ ಮಾಡುತ್ತದೆ ಎಂದು ಮೊದಲ ಕ್ಲಾಸಿನಲ್ಲೇ ಎಲ್ಲರಿಂದ ಬರೆಸಿದ್ದ. ಹಾಗಾದರೆ ಹೀಗೆ ಮಾಡು ಎಂದು ಇದಕ್ಕೆ ಹೇಳಿದವರು ಯಾರು? ಅಕ್ಕ ಈ ಪೇಪರಿನಲ್ಲಿ ಹೋದ ಸಲವೇ ನಪಾಸು; ಇನ್ನೊಮ್ಮೆ ಆದರೆ ಮುಂದಿನ ವರ್ಷಕ್ಕೆ ಬಿಡುವುದಿಲ್ಲ. ಅವನದೋ ತಾತ್ಕಾಲಿಕ ಕೆಲಸ. ಪರೀಕ್ಷಕರು ಹೊರಡುವಾಗ ಪ್ರಿನ್ಸಿಪಾಲರ ಕಿವಿಗೆ ಒಂದು ಮಾತು ಹಾಕಿದರೆ ಮುಗಿಯಿತು. ಇದು ಕಂಪೈಲರಿನ ಗುಣ, ಮೆಮೊರಿಯ ಹಂಚಿಕೆಗೆ ನಡುವೆ ಒಂದು ಬಿಡುವು ಬೇಕಾಗುತ್ತದೆ, ಹೊಸ ಕಂಪ್ಯೂಟರುಗಳಲ್ಲಿ ಇದೆಲ್ಲ ಮಾಮೂಲು ಎಂದು ಬಾಯಿಗೆ ಬಂದದ್ದನ್ನು ಒಂದೇ ಉಸಿರಿಗೆ ಒದರಿದ.

ಪರೀಕ್ಷಕರು ಹೌದು ಹೌದೆಂದು ತಲೆಯಾಡಿಸಿ ಪೆನ್ನಿನ ಮುಚ್ಚಳ ತೆಗೆದರು. ಬದುಕಿದೆಯಾ ಬಡಜೀವ ಎಂದುಕೊಂಡ.

ಅಕ್ಕ ತಲೆಯಾಡಿಸಲಿಲ್ಲ. ಅವನ ಕೈ ಹಿಡಿದು ಅಕ್ಷರ ತಿದ್ದಿಸಿದವಳು ಅವಳು. ಚಿಕ್ಕಂದಿನಲ್ಲಿ ತಾನೇ ಲೋಟ ಒಡೆದು ತಪ್ಪನ್ನು ಬೆಕ್ಕಿನ ತಲೆಗೆ ಕಟ್ಟುವಾಗ ಅವನ ಮುಖ ಹೇಗಿರುತ್ತಿತ್ತು ಎಂಬುದನ್ನೂ ಬಲ್ಲವಳು. ಆ ಮುಖವನ್ನೇ ನೋಡುತ್ತಾ ಕೇಳಿದಳು:

“ಅರ್ಥ ಆಗ್ಲಿಲ್ಲ ಸರ್. ಬಿಡುವು ಯಾಕೆ ಬೇಕು? ಇನ್ನೊಂದ್ಸಲ ಹೇಳ್ತೀರಾ?”

ಇದು ಗೇಲಿಯೋ, ಗದರಿಕೆಯೋ, ನಿಜವಾದ ಸಂಶಯವೋ ಅವನಿಗೆ ತಿಳಿಯಲಿಲ್ಲ. ಅಂಕ ಬೀಳುವ ಹೊತ್ತಿಗೆ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುತ್ತಿದ್ದಾಳಲ್ಲ ಈಕೆ! ಹೇಳಿದ್ದನ್ನೇ ಮತ್ತೊಮ್ಮೆ ಹೇಳಲು ಬಾಯಿ ತೆರೆದ. ಆಗ ಬೆಣ್ಣೆಯಂತೆ ಜಾರಿಬಂದ ಪದಗಳು ಈಗ ಒಂದರ ಪಕ್ಕ ಒಂದು ನಿಲ್ಲಲೊಲ್ಲವು.

“ನಂಗೂ ಗೊತ್ತಿಲ್ಲ, ಅಕ್ಕಾ” ಎಂದುಬಿಟ್ಟ.

ಪರೀಕ್ಷಕರ ಪೆನ್ನು ನಿಂತಿತು. ಅವನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು; ಇಬ್ಬರ ಮೂಗಿನ ಹೋಲಿಕೆ ಆಗ ಕಂಡಿರಬೇಕು. ಅವನು ತಡವರಿಸುತ್ತಾ ಮುಖ್ಯಸ್ಥರಿಗೆ ಮೊದಲೇ ಹೇಳಿದ್ದನ್ನೂ, ಅವರು ಹೇಳಿದ್ದನ್ನೂ ಒಪ್ಪಿಸಿದ. ಪರೀಕ್ಷಕರು ಬೈಯುತ್ತಾರೆಂದು ಕಾದ. ಅವರ ಕಿವಿಗೆ ಅದು ಬಿದ್ದಂತೆಯೇ ಕಾಣಲಿಲ್ಲ. ಯಾವುದೋ ಬೇರೆ ಲೆಕ್ಕ ತಪ್ಪಿದವರ ಹಾಗೆ ಹಣೆ ಉಜ್ಜಿಕೊಂಡರು.

“ಹಾಗಾದ್ರೆ ನಾನು ಯಾಕೆ ತಲೆ ಆಡಿಸ್ದೆ?” ಎಂದರು, ತಮ್ಮಷ್ಟಕ್ಕೇ.

ಅವರು ಏನೋ ಒಂದು ಅಂಕ ಬರೆದು ಹಾಳೆಯನ್ನು ಮಗುಚಿಟ್ಟರು. ಎಷ್ಟೆಂದು ಕೇಳಲು ಅಕ್ಕನಿಗೂ ಹೊಳೆಯಲಿಲ್ಲ, ತಮ್ಮನಿಗೂ ಹೊಳೆಯಲಿಲ್ಲ. ಅವಳು ಆಗಲೇ, ಆ ಸಾಲು ತೆಗೆದು ಒಂದೇ ಒಂದು ಹೆಸರು ಕೊಟ್ಟರೆ ಏನಾಗುತ್ತದೆ ನೋಡೋಣ ಎನ್ನುತ್ತಿದ್ದಳು. ಪರೀಕ್ಷಕರು ಕನ್ನಡಕ ಒರೆಸಿಕೊಂಡು ಕುರ್ಚಿಯನ್ನು ಈಚೆಗೆ ಎಳೆದುಕೊಂಡರು.

ಹೊರಗೆ ಕಾದು ಬೇಸತ್ತ ಮುಂದಿನ ವಿದ್ಯಾರ್ಥಿ ತನ್ನ ಸರದಿ ಬಂತೇ ಎಂದು ಬಾಗಿಲು ಸರಿಸಿ ಇಣುಕಿದ. ಒಂದೇ ಪರದೆಯ ಮುಂದೆ ಮೂರು ತಲೆಗಳು ಬಾಗಿದ್ದವು. ಪರೀಕ್ಷೆ ಯಾರಿಗೆ ನಡೆಯುತ್ತಿದೆ ಎಂದು ತಿಳಿಯದೆ ಅವನು ಮೆಲ್ಲಗೆ ಬಾಗಿಲು ಮುಂದೆ ಮಾಡಿದ.